ಗುತ್ತಿಗೆದಾರ ಕೊಡೋ ಪರಿಹಾರ ತಗೊಂಡ್ರೆ ಇಎಸ್‌ಐ ಹಣ ನಿಂತು ಹೋಗುತ್ತಾ?

ಕೌಲ್‌ಬಜಾರ್ ಹುಡುಗ

ಎಲ್ಲರಿಗೂ ನಮಸ್ಕಾರ. ಬಳ್ಳಾರಿ ಹತ್ತಿರದ ಸ್ಪಾಂಜ್ ಐರನ್ ಫ್ಯಾಕ್ಟರಿಯೊಂದರಲ್ಲಿ ಗುತ್ತಿಗೆ ಮೇಲೆ ದುಡಿಯೋ ನಮ್ಮ ಕಾಕಾನ ಮಗನ ವಿಷಯ. 2025ರ ಆಗಸ್ಟ್‌ನಲ್ಲಿ ಕನ್ವೇಯರ್ ರೋಲರ್‌ಗೆ ಬಲಗೈ ಸಿಕ್ಕಿ ಮೂರು ಬೆರಳು ಹೋದವು. ಸಂಬಳ 18,000, ಇಎಸ್‌ಐ (ಕಾರ್ಮಿಕರ ರಾಜ್ಯ ವಿಮೆ) ಕಟ್ ಆಗುತ್ತೆ. ಗುತ್ತಿಗೆದಾರ ಅಪಘಾತ ಅಂತ ಬರೆಸಿಲ್ಲ, ಕಾಯಿಲೆ ರಜೆ ಅಂತ ತೋರಿಸಿದ್ದಾನೆ. 91 ದಿನ ಹಣ ಬಂತು, ಆಮೇಲೆ ನಿಂತಿತು. ಈಗ ಎರಡೂವರೆ ಲಕ್ಷ ಕೊಡ್ತೀನಿ, ಸ್ಟಾಂಪ್ ಪೇಪರ್‌ಗೆ ಸಹಿ ಹಾಕು ಅಂತಿದ್ದಾನೆ. ಆ ದುಡ್ಡು ತಗೊಂಡ್ರೆ ಇಎಸ್‌ಐನವರು ಕೊಡೋದನ್ನ ಕಡಿಮೆ ಮಾಡ್ತಾರಾ? ಅಂಗವಿಕಲ ವೇತನಕ್ಕೂ ಅಡ್ಡ ಬರುತ್ತಾ?

ಫಾರಂ ಹನ್ನೆರಡು

ಸಹಿ ಹಾಕೋದನ್ನ ಮೊದಲು ನಿಲ್ಲಿಸಿ. ಆ ಪೇಪರ್‌ನಲ್ಲಿ ಏನು ಬರೆದಿದೆ ಅಂತ ಓದಿದ್ದೀರಾ? ಇಂಥ ಕಾಗದಗಳಲ್ಲಿ ಸಾಮಾನ್ಯವಾಗಿ "ಮನೆಯಲ್ಲಿ ಆದ ಗಾಯ" ಅಂತಲೋ "ಕೆಲಸಕ್ಕೂ ಇದಕ್ಕೂ ಸಂಬಂಧವಿಲ್ಲ" ಅಂತಲೋ ಒಂದು ಸಾಲು ಇರುತ್ತೆ. ಹಣಕ್ಕಿಂತ ಆ ಸಾಲೇ ಅಪಾಯ. ಇಎಸ್‌ಐ ಅಂಗವೈಕಲ್ಯ ಸೌಲಭ್ಯ ಸಿಗಬೇಕಾದರೆ ಗಾಯ ಕೆಲಸದಲ್ಲೇ ಆಗಿದೆ ಅಂತ ಒಪ್ಪಿಗೆ ಆಗಬೇಕು.

2025ರ ನವೆಂಬರ್ 21ರಿಂದ ಸಾಮಾಜಿಕ ಭದ್ರತಾ ಸಂಹಿತೆ ಜಾರಿಗೆ ಬಂದಿದೆ. ನಿಮ್ಮದು ಅದಕ್ಕಿಂತ ಹಿಂದಿನ ಅಪಘಾತ, ಹಾಗಾಗಿ 1948ರ ಇಎಸ್‌ಐ ಕಾಯ್ದೆಯ ಕಲಂಗಳನ್ನೇ ಹೇಳ್ತೀನಿ.

ಕಲಂ 53ರ ಪ್ರಕಾರ ವಿಮೆ ಇರೋ ಕಾರ್ಮಿಕ ಕೆಲಸದ ಗಾಯಕ್ಕೆ ಮಾಲೀಕನಿಂದ ಬೇರೆ ಕಾನೂನಿನಡಿ ಪರಿಹಾರ ಕೇಳೋ ಹಾಗಿಲ್ಲ. ಆದರೆ ಮಾಲೀಕ ತಾನಾಗೇ ಸಹಾಯಧನ ಕೊಟ್ಟ ಅಂತ ಇಎಸ್‌ಐ ಹಣದಲ್ಲಿ ಮುರಿದುಕೊಳ್ಳೋಕೆ ಕಾಯ್ದೆಯಲ್ಲಿ ಎಲ್ಲೂ ಅವಕಾಶ ಇಲ್ಲ. ಅಂದರೆ ದುಡ್ಡು ತಗೊಂಡರೂ ಸೌಲಭ್ಯ ಉಳಿಯುತ್ತೆ. ಹಕ್ಕು ಬಿಟ್ಟುಕೊಡೋ ಕಾಗದ ಆಗಬಾರದು ಅಷ್ಟೆ. "ಮಾನವೀಯ ನೆಲೆಯಲ್ಲಿ ನೀಡಿದ ಸಹಾಯಧನ" ಅಂತ ಮಾತ್ರ ಬರೆಸಿ, ಬ್ಯಾಂಕ್ ಖಾತೆಗೇ ಹಾಕಿಸಿಕೊಳ್ಳಿ.

ಇನ್ನೊಂದು ಬಲೆ ಹಾಜರಿ. "ಮನೇಲಿರು, ಹಾಜರಿ ಹಾಕಿ ಸಂಬಳ ಕೊಡ್ತೀವಿ" ಅಂತಾರೆ. ಸಂಬಳ ಪಡೆದ ದಿನಕ್ಕೆ ಕಲಂ 63ರಂತೆ ಕಾಯಿಲೆ ಹಣವೂ ಇಲ್ಲ, ತಾತ್ಕಾಲಿಕ ಅಂಗವೈಕಲ್ಯದ ಹಣವೂ ಇಲ್ಲ. ಎರಡನ್ನೂ ಪಡೆದಿದ್ದರೆ ಕಲಂ 70ರಲ್ಲಿ ವಾಪಸ್ ವಸೂಲಿ ಮಾಡ್ತಾರೆ.

ಈಗ ಲೆಕ್ಕ ನೋಡಿ. ಸರಾಸರಿ ದಿನಗೂಲಿ 600 ಅಂತ ಇಟ್ಟುಕೊಳ್ಳೋಣ. ಕಾಯಿಲೆ ಹಣ ಶೇ. 70, ದಿನಕ್ಕೆ 420, ಅದೂ ವರ್ಷಕ್ಕೆ 91 ದಿನ ಮಾತ್ರ. ತಾತ್ಕಾಲಿಕ ಅಂಗವೈಕಲ್ಯ ಶೇ. 90, ದಿನಕ್ಕೆ 540, ಕೈ ವಾಸಿಯಾಗೋವರೆಗೂ, ದಿನದ ಮಿತಿ ಇಲ್ಲ. ಒಂದೇ ಅವಧಿಗೆ ಎರಡೂ ಸಿಗಲ್ಲ (ಕಲಂ 65), ಆದರೆ ಅಪಘಾತ ಅಂತ ಒಪ್ಪಿಗೆಯಾದರೆ ಕೊಟ್ಟಿದ್ದನ್ನ ಮುರಿದುಕೊಂಡು ವ್ಯತ್ಯಾಸ ಕೊಡ್ತಾರೆ: ದಿನಕ್ಕೆ 120ರಂತೆ 91 ದಿನಕ್ಕೆ 10,920. ನಿಂತುಹೋದ ದಿನಗಳದ್ದು ಬೇರೆ.

ದೊಡ್ಡ ಮೊತ್ತ ಶಾಶ್ವತ ಅಂಗವೈಕಲ್ಯದ್ದು. ಎರಡನೇ ಅನುಸೂಚಿಯಲ್ಲಿ ಒಂದು ಕೈಯ ಮೂರು ಬೆರಳು ಹೋದರೆ ಗಳಿಕೆ ಸಾಮರ್ಥ್ಯದ ನಷ್ಟ ಶೇ. 30. 540ರಲ್ಲಿ ಶೇ. 30 ಅಂದರೆ ದಿನಕ್ಕೆ 162, ತಿಂಗಳಿಗೆ 4,860, ಬದುಕಿರೋವರೆಗೂ. ಬೇರೆ ಕಡೆ ಕೆಲಸಕ್ಕೆ ಸೇರಿದರೂ ನಿಲ್ಲಲ್ಲ, ಮುಂದೆ ಜ್ವರ ಬಂದು ಕಾಯಿಲೆ ಹಣ ತಗೊಂಡರೂ ಇದು ಕಡಿಮೆಯಾಗಲ್ಲ. ಗುತ್ತಿಗೆದಾರನ ಎರಡೂವರೆ ಲಕ್ಷ ಇದರ ಮುಂದೆ ನಾಲ್ಕು ವರ್ಷ ಮೂರು ತಿಂಗಳ ಲೆಕ್ಕ. ಹುಡುಗನಿಗೆ ಇನ್ನೂ ಜೀವನ ಪೂರ್ತಿ ಬಾಕಿ ಇದೆ.

ಮಾಡಬೇಕಾದ್ದು ಇಷ್ಟು. ಮಾಲೀಕ ಫಾರಂ 12ರಲ್ಲಿ ಅಪಘಾತ ವರದಿ ಕೊಡಬೇಕು, ಲಿಖಿತವಾಗಿ ಕೇಳಿ. ಕೊಡದಿದ್ದರೆ ಇಎಸ್‌ಐ ಶಾಖಾ ಕಚೇರಿ ಮ್ಯಾನೇಜರ್‌ಗೆ ನೇರ ಅರ್ಜಿ ಬರೆದು ವಿಚಾರಣೆ ಕೇಳಿ. ಜೊತೆಗೆ ಮೊದಲ ದಿನದ ಆಸ್ಪತ್ರೆ ಚೀಟಿ ಇಡಿ, ಅದರಲ್ಲಿ ಗಾಯದ ಕಾರಣ ಬರೆದಿರುತ್ತೆ. ಎಂಎಲ್‌ಸಿ (ಆಸ್ಪತ್ರೆಯವರು ಪೊಲೀಸರಿಗೆ ತಿಳಿಸೋ ಗಾಯದ ದಾಖಲೆ) ಆಗಿದ್ದರೆ ಅದರ ನಕಲು, ಆ ದಿನದ ಹಾಜರಿ, ಪಾಳಿಯಲ್ಲಿದ್ದ ಇಬ್ಬರ ಹೇಳಿಕೆ ಸೇರಿಸಿ. ಕೆಲಸದ ವೇಳೆಯಲ್ಲಿ ಆದ ಅಪಘಾತ ಅಂತ ತೋರಿಸಿದರೆ ಅದು ಕೆಲಸದಿಂದಲೇ ಆಯ್ತು ಅಂತ ಕಲಂ 51ಎ ಊಹಿಸುತ್ತೆ, ಅಲ್ಲ ಅನ್ನೋಕೆ ಪುರಾವೆ ಬೇಕು. ಇಎಸ್‌ಐ ವೈದ್ಯರಿಂದ ಫೈನಲ್ ಸರ್ಟಿಫಿಕೇಟ್ (ಕೆಲಸಕ್ಕೆ ಹೋಗಬಹುದು ಅನ್ನೋ ಚೀಟಿ) ಸಿಕ್ಕ ಕೂಡಲೇ ಮೆಡಿಕಲ್ ಬೋರ್ಡ್‌ಗೆ ಕಳಿಸಲು ಅರ್ಜಿ ಹಾಕಿ. ಯಾವ ಹಣವೇ ಆಗಲಿ, ಸಿಗಬೇಕಾದ ದಿನದಿಂದ 12 ತಿಂಗಳೊಳಗೆ ಕ್ಲೇಮ್ ಕೊಟ್ಟಿರಬೇಕು. ಆಗಸ್ಟ್ ದೂರ ಇಲ್ಲ.

ಗಿಣಿಗೇರಾ ಪಾಳಿ

ಒಳ್ಳೆ ಮಾಹಿತಿ ಸರ್. ನಮ್ಮ ಕೊಪ್ಪಳ ಕಡೆ 21,000 ದಾಟಿದವರು ಇಎಸ್‌ಐನಲ್ಲಿ ಇರಲ್ಲ. ಅವರಿಗೆ ಇದೇ ಬೆರಳು ಹೋದರೆ? ಕಂಪನಿ ಆಸ್ಪತ್ರೆ ಬಿಲ್ ಕಟ್ಟಿ, ಅದನ್ನೂ ಪರಿಹಾರದಲ್ಲಿ ಹಿಡಿಯಬಹುದಾ?

ಫಾರಂ ಹನ್ನೆರಡು

ಬಿಲ್ ಹಿಡಿಯೋಕೆ ಬರಲ್ಲ. 2025ರ ನವೆಂಬರ್ 21ಕ್ಕಿಂತ ಮುಂಚಿನ ಅಪಘಾತಕ್ಕೆ ಅನ್ವಯಿಸೋ 1923ರ ನೌಕರರ ಪರಿಹಾರ ಕಾಯ್ದೆಯ ಕಲಂ 4ರಲ್ಲೇ ವಿವರಣೆ ಇದೆ: ಚಿಕಿತ್ಸೆಗೆ ಕೊಟ್ಟ ಹಣ ಪರಿಹಾರ ಅಲ್ಲ. ಅಂಗವೈಕಲ್ಯದ ಅವಧಿಯಲ್ಲಿ ಪರಿಹಾರ ಅಂತಲೇ ಮುಂಚೆ ಕೊಟ್ಟಿದ್ದನ್ನ ಮಾತ್ರ ಇಡಿಗಂಟಿನಲ್ಲಿ ಕಳೀಬಹುದು.

ಮೊತ್ತದ ಲೆಕ್ಕ: ಸಂಬಳ 15,000ಕ್ಕಿಂತ ಎಷ್ಟೇ ಹೆಚ್ಚಿರಲಿ 15,000 ಅಂತಲೇ ಹಿಡೀತಾರೆ. ಅದರ ಶೇ. 60 ಅಂದರೆ 9,000. 30 ವರ್ಷದವನಿಗೆ ಗುಣಕ 207.98, ಗುಣಿಸಿದರೆ 18,71,820, ಅದರಲ್ಲಿ ಶೇ. 30 ಅಂದರೆ 5,61,546. ಕಡಿಮೆಗೆ ರಾಜಿ ಮಾಡಿ ಹಕ್ಕು ಬಿಟ್ಟೆ ಅಂತ ಬರೆದುಕೊಟ್ಟರೂ ಕಲಂ 17ರಂತೆ ಅದು ಅಸಿಂಧು.

ಒಂದು ಗಮನಿಸಿ. ಏಪ್ರಿಲ್-ಸೆಪ್ಟೆಂಬರ್ ಅಥವಾ ಅಕ್ಟೋಬರ್-ಮಾರ್ಚ್ ಅವಧಿಯ ನಡುವೆ ಸಂಬಳ 21,000 ದಾಟಿದರೆ ಆ ಅವಧಿ ಮುಗಿಯೋವರೆಗೆ ಇಎಸ್‌ಐನಲ್ಲೇ ಇರ್ತಾರೆ. ಅಪಘಾತದ ದಿನ ಯಾವ ಅವಧಿಯಲ್ಲಿ ಬಿತ್ತು ಅಂತ ಮೊದಲು ನೋಡಿ.

ಸಂಡೂರು ರಸ್ತೆ

ರಸ್ತೆ ಅಪಘಾತದ್ದೂ ಸೇರಿಸ್ತೀನಿ, ಅದಿರು ಲಾರಿಗಳಿಂದ ನಮ್ಮಲ್ಲಿ ಇದೇ ಹೆಚ್ಚು. ಕೆಲಸಕ್ಕೆ ಹೋಗ್ತಾ ಬರ್ತಾ ಆದ ಅಪಘಾತವೂ 1948ರ ಇಎಸ್‌ಐ ಕಾಯ್ದೆಯ ಕಲಂ 51ಇ ಪ್ರಕಾರ ಕೆಲಸದ ಗಾಯವೇ, ಹೊತ್ತು, ದಾರಿ ಕೆಲಸಕ್ಕೆ ಹೊಂದಬೇಕು. ಗುದ್ದಿದ್ದು ಬೇರೆಯವರ ಲಾರಿಯಾದರೆ ಅದರ ಮಾಲೀಕ, ವಿಮಾ ಕಂಪನಿ ಮೇಲೆ ಮೋಟಾರು ಅಪಘಾತ ನ್ಯಾಯಮಂಡಳಿಯಲ್ಲಿ ಕೇಸ್ ಹಾಕಬಹುದು, ಏಕೆಂದರೆ ಕಲಂ 53 ತಡೆಯೋದು ನಿಮ್ಮ ಮಾಲೀಕ ಮತ್ತು ಅವನ ನೌಕರರ ಮೇಲಿನ ಕ್ಲೇಮ್ ಮಾತ್ರ. ವಿಮಾ ಕಂಪನಿ ವಕೀಲರು ಇಎಸ್‌ಐ ಕೊಟ್ಟ ಹಣವನ್ನ ಗಳಿಕೆ ನಷ್ಟದಲ್ಲಿ ಕಳೀಬೇಕು ಅಂತ ವಾದಿಸ್ತಾರೆ, ಆದ್ದರಿಂದ ಬಂದ ಹಣದ ವಿವರ ನಿಮ್ಮ ವಕೀಲರಿಂದ ಮುಚ್ಚಿಡಬೇಡಿ.

ನಾಡಕಚೇರಿ ಸಾಲು

ಅಂಗವಿಕಲ ವೇತನದ ಬಗ್ಗೆ ಯಾರೂ ಹೇಳಲಿಲ್ಲ. ಇಎಸ್‌ಐ ಬೋರ್ಡ್‌ನ ಶೇ. 30 ಇಲ್ಲಿ ನಡೆಯಲ್ಲ. ಜಿಲ್ಲಾಸ್ಪತ್ರೆಯ ಯುಡಿಐಡಿಯಲ್ಲಿ (ಅಂಗವಿಕಲರ ಗುರುತಿನ ಚೀಟಿ) ಶೇ. 40 ಬೇಕು, ಎರಡರ ಅಳತೆಯೇ ಬೇರೆ. ಅದು ಸಿಕ್ಕರೂ ಕುಟುಂಬದ ವಾರ್ಷಿಕ ಆದಾಯ 32,000 ಮೀರಬಾರದು. ತಿಂಗಳಿಗೆ 4,860 ಅಂದರೆ ವರ್ಷಕ್ಕೆ 58,320, ಅಲ್ಲಿಗೇ ಮಿತಿ ದಾಟಿತು. ಗುತ್ತಿಗೆದಾರನ ಇಡಿಗಂಟು ವಾರ್ಷಿಕ ಆದಾಯ ಅಲ್ಲ, ಅದನ್ನ ಬ್ಯಾಂಕಲ್ಲಿ ಇಟ್ಟರೆ ಬರೋ ಬಡ್ಡಿ ಆದಾಯ. ತಿಂಗಳಿಗೆ 800 ರೂಪಾಯಿ ವೇತನಕ್ಕಾಗಿ ಇಎಸ್‌ಐನ 4,860 ಬಿಡೋದು ಬೇಡ. ಆದರೂ ಯುಡಿಐಡಿ ಮಾತ್ರ ಮಾಡಿಸಿಟ್ಟುಕೊಳ್ಳಲಿ, ಶೇ. 40 ಬಂದರೆ ಬೇರೆ ಯೋಜನೆಗಳಿಗೆ ಬೇಕಾಗುತ್ತೆ.

ಕೌಲ್‌ಬಜಾರ್ ಹುಡುಗ

ಎಲ್ಲರಿಗೂ ಋಣಿ. ಆಸ್ಪತ್ರೆ ಚೀಟಿಯಲ್ಲಿ "ಯಂತ್ರಕ್ಕೆ ಸಿಕ್ಕ ಗಾಯ" ಅಂತಲೇ ಇದೆ. ಫಾರಂ 12 ಕೇಳಿ ನಾಳೆ ರಿಜಿಸ್ಟರ್ಡ್ ಪೋಸ್ಟ್‌ನಲ್ಲಿ ಪತ್ರ ಹಾಕಿಸ್ತೀನಿ. ಈ ನಡುವೆ ಅವನನ್ನ ಕೆಲಸದಿಂದ ತೆಗೆದರೆ?

ಫಾರಂ ಹನ್ನೆರಡು

ತಾತ್ಕಾಲಿಕ ಅಂಗವೈಕಲ್ಯದ ಹಣ ಪಡೆಯೋ ಅವಧಿಯಲ್ಲಿ ಕೆಲಸದಿಂದ ತೆಗೆಯೋದನ್ನ ಕಲಂ 73 ತಡೆಯುತ್ತೆ. ನೋಟಿಸ್ ಕೊಟ್ಟರೆ ಅದರ ನಕಲನ್ನೂ ಶಾಖಾ ಕಚೇರಿ ಅರ್ಜಿಗೆ ಲಗತ್ತಿಸಿ, ಸ್ವೀಕೃತಿ ಸೀಲ್ ಹಾಕಿಸಿಕೊಳ್ಳಿ.