ಸಹಾಯ ಬೇಕು: 4 ವರ್ಷದ ಮಗಳಿಗೆ ಮಲಬದ್ಧತೆ

ನಮಸ್ಕಾರ, ನಾವು ಕೋಲಾರದವರು. ಮಗಳು ಎರಡಕ್ಕೆ ಹೋಗೋಕೆ ತುಂಬಾ ಹೆದರುತ್ತಾಳೆ. ಬಂದಾಗ ಬಾಗಿಲ ಹಿಂದೆ ಹೋಗಿ, ಕಾಲು ಬಿಗಿ ಹಿಡಿದು, ತುದಿಗಾಲಲ್ಲಿ ನಿಂತು ತಡೆದುಕೊಳ್ಳುತ್ತಾಳೆ. ಚಡ್ಡಿಯಲ್ಲಿ ನೀರು ನೀರಾಗಿ ಸೋರಿರುತ್ತದೆ, ನಮ್ಮತ್ತೆ ಭೇದಿ ಅಂದುಕೊಂಡಿದ್ದರು, ಆದರೆ ಒಳಗೆ ಗಟ್ಟಿಯಾಗಿ ಕಟ್ಟಿಕೊಂಡಾಗ ಪಕ್ಕದಿಂದ ಹೀಗೆ ಸೋರುತ್ತದೆ ಅಂತ ಮಕ್ಕಳ ಡಾಕ್ಟರ್ ಹೇಳಿದರು. ಮಲ ಮೆತ್ತಗಾಗೋಕೆ ಲ್ಯಾಕ್ಟುಲೋಸ್ ಸಿರಪ್ ಕೊಟ್ಟಿದ್ದಾರೆ, ಮೆತ್ತಗಾಯ್ತು ಅಂತ ತಕ್ಷಣ ನಿಲ್ಲಿಸಬೇಡಿ ಅಂದಿದ್ದಾರೆ. ಹಾಲು ಕಡಿಮೆ ಮಾಡಿ ನೀರು, ಪರಂಗಿ ಹಣ್ಣು, ಮುದ್ದೆ ಸೊಪ್ಪಿನ ಸಾರು ಕೊಡುತ್ತಿದ್ದೇವೆ. ಊಟ ಆದಮೇಲೆ 5 ನಿಮಿಷ, ಕಾಲಡಿ ಮಣೆ ಇಟ್ಟು ಕಮೋಡ್ ಮೇಲೆ ಕೂರಿಸಬೇಕಂತೆ. ಅವಳು ಕೂರೋದೇ ಇಲ್ಲ, ಅಳುತ್ತಾಳೆ. ಬೈದರೆ ಭಯ ಇನ್ನೂ ಜಾಸ್ತಿ ಆಗುತ್ತೆ ಅಲ್ವಾ? ನಿಮ್ಮ ಮಕ್ಕಳ ಭಯ ಹೇಗೆ ಬಿಡಿಸಿದಿರಿ? ಶಾಲೆಯಲ್ಲಿ ಟೀಚರ್‌ಗೆ ಏನು ಹೇಳಿಟ್ಟಿರಿ? ಮನೆಯಲ್ಲೇ ಎನಿಮಾ, ಹರಳೆಣ್ಣೆ ಕೊಡೋದು ಮಾತ್ರ ಹೇಳಬೇಡಿ, ಪ್ಲೀಸ್.