ಕಮ್ಯುನಿಟಿ ಥಿಯೇಟರ್‌ನಲ್ಲಿ ಬ್ಲ್ಯಾಕ್ ಬದುಕಿನ ಕಿರುನಾಟಕಗಳು: ಸ್ಕ್ರಿಪ್ಟು, ನಟರು, ರೈಟ್ಸು ಬಗ್ಗೆ ಸಲಹೆ ಬೇಕಿತ್ತು

ಪರದೆ_ಹಿಂದೆ

ಎಲ್ರಿಗೂ ನಮಸ್ಕಾರ. ನಾನಿರೋದು ಓಹಾಯೋದ ಒಂದು ಸಣ್ಣ ಊರಲ್ಲಿ, ಇಲ್ಲಿನ ಕಮ್ಯುನಿಟಿ ಥಿಯೇಟರ್ ಗುಂಪಲ್ಲಿ ಲೈಟಿಂಗು, ಸ್ಟೇಜ್ ಮ್ಯಾನೇಜ್‌ಮೆಂಟು ಅಂತ ಕೆಲವು ವರ್ಷದಿಂದ ಓಡಾಡ್ಕೊಂಡಿದೀನಿ. ಈಗ ನಮ್ಮ ಬೋರ್ಡ್‌ನೋರಿಗೆ ಒಂದು ಆಸೆ ಹುಟ್ಟಿದೆ, ಮುಂದಿನ ಫೆಬ್ರವರಿ ಬ್ಲ್ಯಾಕ್ ಹಿಸ್ಟರಿ ಮಂತ್‌ಗೆ ಬ್ಲ್ಯಾಕ್ ಜನರ ಬದುಕಿನ ಬಗ್ಗೆ ಸಣ್ಣ ಸಣ್ಣ ನಾಟಕ ಸೇರಿಸಿ ಒಂದು ಸಂಜೆ ಮಾಡ್ಬೇಕು ಅಂತ. ಹೊಣೆ ನನ್ನ ತಲೆಗೆ ಕಟ್ಟಿದಾರೆ. ನಾನೇ ಯಾಕೆ ಅಂತ ಯಾರೂ ಬಾಯ್ಬಿಟ್ಟು ಹೇಳ್ಲಿಲ್ಲ, ಬೋರ್ಡಲ್ಲಿ ಬಿಳಿಯರಲ್ಲದೋನು ನಾನೊಬ್ನೇ ಅನ್ನೋದು ಕಾರಣ ಅಂತ ನನಗೂ ಗೊತ್ತು ಅವ್ರಿಗೂ ಗೊತ್ತು.

ಪ್ರಶ್ನೆ ಬೇಜಾನ್ ಇದಾವೆ. ಇಂಡಿಯನ್ ಆಗಿ ನಾನು ಇದನ್ನ ಡೈರೆಕ್ಟ್ ಮಾಡೋದು ಸರೀನಾ? ನಮ್ಮ ಗುಂಪಲ್ಲಿ ರೆಗ್ಯುಲರ್ ಆಗಿ ಬರೋ ಬ್ಲ್ಯಾಕ್ ನಟರು ತುಂಬಾ ಕಮ್ಮಿ, ಬೇರೆಯೋರನ್ನ ಹಾಕ್ಬೋದಾ ಅಂತ ಬೋರ್ಡಲ್ಲಿ ಒಬ್ರು ಕೇಳಿದ್ರು, ನನಗೆ ಅದು ಸರಿ ಅನ್ನಿಸ್ಲಿಲ್ಲ ಆದ್ರೆ ಉತ್ತರ ಕೊಡಕ್ಕೆ ಕೈಲಿ ಏನಾದ್ರೂ ಬೇಕಲ್ಲ. ಯಾವ ಸ್ಕ್ರಿಪ್ಟು ತಗೋಬೇಕು? ನನಗೆ ಗೊತ್ತಿರೋದೆಲ್ಲ ದೊಡ್ಡ ನಾಟಕಗಳೇ, ಆಗಸ್ಟ್ ವಿಲ್ಸನ್, ಲೊರೇನ್ ಹ್ಯಾನ್ಸ್‌ಬೆರಿ, ಅವನ್ನ ಕತ್ತರಿಸಿ ಒಂದೊಂದು ಸೀನ್ ಮಾಡ್ಬೋದಾ? ಬಜೆಟ್ಟು ಹೇಳ್ಕೊಳೋ ಹಂಗಿಲ್ಲ. ಅನುಭವ ಇರೋರು ದಯವಿಟ್ಟು ಹೇಳಿ.

ನೇಪಥ್ಯದವಳು

ಮೊದಲು ಬೋರ್ಡ್‌ನೋರ ಪ್ರಶ್ನೆಗೆ ಉತ್ತರ, ಯಾಕಂದ್ರೆ ಅದು ನಿಮ್ಮ ಓಹಾಯೋದಲ್ಲೇ ನಡೆದಿದ್ದು. 2015ರಲ್ಲಿ ಕೆಂಟ್ ಸ್ಟೇಟ್ ಯೂನಿವರ್ಸಿಟಿಯೋರ ಪ್ರೊಡಕ್ಷನ್ ಒಂದ್ರಲ್ಲಿ ಕಟೋರಿ ಹಾಲ್ ಅವ್ರ 'ದಿ ಮೌಂಟನ್‌ಟಾಪ್' ಆಡಿದ್ರು, ಮಾರ್ಟಿನ್ ಲೂಥರ್ ಕಿಂಗ್ ಸಾಯೋ ಹಿಂದಿನ ರಾತ್ರಿ ಮೆಂಫಿಸ್‌ನ ಲೊರೇನ್ ಮೋಟೆಲ್ ರೂಮಲ್ಲಿ ನಡಿಯೋ ನಾಟಕ ಅದು. ಕಿಂಗ್ ಪಾತ್ರ ಒಬ್ಬ ಬಿಳಿ ನಟನಿಗೆ ಕೊಟ್ಟಿದ್ರು. ನಾಟಕ ಬರೆದೋರಿಗೆ ವಿಷಯ ಗೊತ್ತಾಗಿದ್ದು ಪ್ರದರ್ಶನ ಎಲ್ಲ ಮುಗಿದ್ಮೇಲೆ. ಅವ್ರು ಸಿಟ್ಟಿಂದ ಬರೆದ್ರು, ಆಮೇಲೆ ಲೈಸೆನ್ಸಲ್ಲೇ ಪಾತ್ರಗಳನ್ನ ಬ್ಲ್ಯಾಕ್ ನಟರೇ ಮಾಡ್ಬೇಕು ಅಂತ ಷರತ್ತು ಸೇರಿಸಿದ್ರು. ಬೋರ್ಡ್ ಮೀಟಿಂಗಲ್ಲಿ ಇಷ್ಟು ಹೇಳಿ, ಸಾಕು. ನಟರು ಸಿಗ್ಲಿಲ್ಲ ಅಂದ್ರೆ ಈ ಸಲ ನಾಟಕ ಬೇಡ, ಅಷ್ಟೇ.

ಡೈರೆಕ್ಷನ್ ವಿಚಾರ. ನೀವು ಪ್ರೊಡ್ಯೂಸ್ ಮಾಡಿ, ಓಡಾಟ ಮಾಡಿ, ನಿಮಗೆ ಬರೋ ಲೈಟಿಂಗ್ ಮಾಡಿ, ಡೈರೆಕ್ಟ್ ಮಾಡಕ್ಕೆ ಮಾತ್ರ ಒಬ್ಬ ಬ್ಲ್ಯಾಕ್ ಡೈರೆಕ್ಟರ್‌ನ ಹುಡುಕಿ. ಹುಡುಕಿದ್ಮೇಲೆ ಸ್ಕ್ರಿಪ್ಟ್ ಆರಿಸೋ ಅಧಿಕಾರಾನೂ ಅವ್ರಿಗೇ ಕೊಡಿ, ಇದನ್ನ ಒತ್ತಿ ಹೇಳ್ತೀನಿ. ನೀವು ಸ್ಕ್ರಿಪ್ಟು, ಡೇಟು, ಪೋಸ್ಟರು ಎಲ್ಲ ಫಿಕ್ಸ್ ಮಾಡಿ ಆಮೇಲೆ 'ಬನ್ನಿ ಡೈರೆಕ್ಟ್ ಮಾಡಿ' ಅಂದ್ರೆ ಅದು ಕರೆಯೋದಲ್ಲ, ನಿಮ್ಮ ನಿರ್ಧಾರಕ್ಕೆ ಮುಖ ಬಾಡಿಗೆಗೆ ತಗೊಳೋದು. ಬ್ಲ್ಯಾಕ್ ಚಿಂತಕ ಡುಬಾಯ್ಸ್ 1926ರಲ್ಲೇ ನೀಗ್ರೋ ಥಿಯೇಟರ್ ಅಂದ್ರೆ ನಮ್ಮ ಬಗ್ಗೆ, ನಮ್ಮಿಂದ, ನಮಗಾಗಿ, ನಮ್ಮ ಜನ ಇರೋ ಜಾಗದ ಹತ್ರಾನೇ ಇರ್ಬೇಕು ಅಂತ ಬರೆದಿದ್ರು. ಅವ್ರ ಕ್ರಿಗ್ವಾ ಪ್ಲೇಯರ್ಸ್ ಗುಂಪು ನಾಟಕ ಆಡಿದ್ದು ನ್ಯೂಯಾರ್ಕಲ್ಲಿ ಬ್ಲ್ಯಾಕ್ ಜನ ಹೆಚ್ಚಿದ್ದ ಹಾರ್ಲೆಮ್‌ನ 135ನೇ ಸ್ಟ್ರೀಟ್ ಲೈಬ್ರರಿಯ ಬೇಸ್‌ಮೆಂಟಲ್ಲಿ. ಅದೂ ಕಮ್ಯುನಿಟಿ ಥಿಯೇಟರೇ, ಅವ್ರ ಹತ್ರಾನೂ ದುಡ್ಡಿರ್ಲಿಲ್ಲ.

ಇನ್ನು ಸ್ಕ್ರಿಪ್ಟು. ಆಲಿಸ್ ಚಿಲ್ಡ್ರೆಸ್ ಅವ್ರ 'ಫ್ಲಾರೆನ್ಸ್' ಓದಿ, 1949ರ ಏಕಾಂಕ. ದಕ್ಷಿಣದ ಒಂದು ರೈಲ್ವೆ ಸ್ಟೇಷನ್ ವೇಟಿಂಗ್ ರೂಂ, ಮಧ್ಯ ಒಂದು ಕಂಬಿ, ಆ ಕಡೆ ಬಿಳಿಯರು ಈ ಕಡೆ ಬ್ಲ್ಯಾಕ್ ಜನ, ಸೆಟ್ ಇಷ್ಟೇ. ಒಬ್ಬ ತಾಯಿ ನ್ಯೂಯಾರ್ಕಿಗೆ ಹೊರಟಿದಾಳೆ, ಅಲ್ಲಿ ನಟಿ ಆಗಕ್ಕೆ ಒದ್ದಾಡ್ತಿರೋ ಮಗಳು ಫ್ಲಾರೆನ್ಸ್‌ನ ವಾಪಸ್ ಕರ್ಕೊಂಬರಕ್ಕೆ. ಕಂಬಿ ಆಚೆ ಇರೋ ಬಿಳಿ ಹೆಂಗಸು ತುಂಬಾ ಉದಾರವಾಗಿ ಮಾತಾಡ್ತಾಳೆ, ನಿನ್ನ ಮಗಳಿಗೆ ಸಹಾಯ ಮಾಡ್ತೀನಿ, ಥಿಯೇಟರಲ್ಲಿ ನನಗೆ ಪರಿಚಯದೋರಿದಾರೆ ಅಂತಾಳೆ, ಕೊನೆಗೆ ನೋಡಿದ್ರೆ ಕೊಡ್ಸಕ್ಕೆ ಹೊರಟಿರೋದು ಮನೆಗೆಲಸ. ತಾಯಿ ರೈಲು ಹತ್ತೋದು ಬಿಟ್ಟು ಆ ದುಡ್ಡನ್ನ ಮಗಳಿಗೆ ಕಳಿಸ್ತಾಳೆ, ಪ್ರಯತ್ನ ಬಿಡ್ಬೇಡ ಅಂತ ಚೀಟಿ ಬರೆದು. ಸಹಾಯ ಮಾಡ್ತಿದೀನಿ ಅಂದ್ಕೊಂಡು ಬೇರೆಯೋರ ಯೋಗ್ಯತೆ ಅಳಿಯೋ ಒಳ್ಳೇ ಮನಸ್ಸಿನ ಜನರ ನಾಟಕ ಇದು, ನಿಮ್ಮ ಬೋರ್ಡ್‌ನೋರು ಮುಂದಿನ ಸಾಲಲ್ಲೇ ಕೂತು ನೋಡ್ಲಿ :)

ಚಿಲ್ಡ್ರೆಸ್ ಬಗ್ಗೆ ಇನ್ನೊಂದು ಗೊತ್ತಿರ್ಲಿ. ಅವ್ರ 'ಟ್ರಬಲ್ ಇನ್ ಮೈಂಡ್' 1955ರಲ್ಲಿ ಆಫ್ ಬ್ರಾಡ್‌ವೇನಲ್ಲಿ (ನ್ಯೂಯಾರ್ಕಿನ ಸಣ್ಣ ಥಿಯೇಟರ್‌ಗಳಲ್ಲಿ) ಬಂತು, ಬಿಳಿಯರು ಬರೆದ ಲಿಂಚಿಂಗ್ (ಗುಂಪು ಸೇರಿ ಕೊಲ್ಲೋದು) ವಿರೋಧಿ ನಾಟಕದಲ್ಲಿ ಪಾರ್ಟ್ ಮಾಡ್ತಿರೋ ಬ್ಲ್ಯಾಕ್ ನಟಿಯ ಕಥೆ. ಬ್ರಾಡ್‌ವೇಗೆ ಹೋಗೋದಿತ್ತು, ಪ್ರೊಡ್ಯೂಸರ್‌ಗಳು ಅದನ್ನ ಮೆತ್ತಗೆ ಮಾಡು ಅಂದ್ರು, ಇವ್ರು ಒಪ್ಲಿಲ್ಲ, ಹಂಗಾಗಿ ಅದು ಬ್ರಾಡ್‌ವೇ ತಲುಪಿದ್ದು 2021ರಲ್ಲಿ. ಚಿಲ್ಡ್ರೆಸ್ ಅಷ್ಟೊತ್ತಿಗೆ ತೀರಿಹೋಗಿದ್ರು. ಇದು ದೊಡ್ಡ ನಾಟಕ, ನಿಮ್ಮ ಸಂಜೆಗೆ ಆಗಲ್ಲ, ಆದ್ರೆ ನೀವು ಕೈ ಹಾಕ್ತಿರೋ ಕೆಲಸದ ಬಗ್ಗೇನೇ ಇರೋದ್ರಿಂದ ಓದ್ಕೊಂಡಿರಿ.

ಸಾಲುದೀಪ

ಮೇಡಂ ಹೇಳಿದ್ದಕ್ಕೆಲ್ಲ ಸೈ, ನಂದು ಬೇರೆ ಒಂದು ತಕರಾರು. ಈ ಥರ ಸಂಜೆಗಳಲ್ಲಿ ಶುರುವಿಂದ ಕೊನೆತನಕ ಬರೀ ಗುಂಡೇಟು, ಲಿಂಚಿಂಗು, ಅಳೋ ತಾಯಂದಿರು. ನೋಡೋರು ಕಣ್ಣೊರೆಸ್ಕೊಂಡು ಮನೆಗೆ ಹೋಗ್ತಾರೆ, ಬ್ಲ್ಯಾಕ್ ಬದುಕಲ್ಲಿ ನಗು, ಜಗಳ, ಪ್ರೀತಿ, ಹೊಟ್ಟೆಕಿಚ್ಚು ಏನೂ ಇಲ್ವೇನೋ ಅನ್ನೋ ಹಂಗೆ. ಇದೇ ಜಗಳ 1920ರ ದಶಕದಲ್ಲೂ ಇತ್ತು. ಡುಬಾಯ್ಸ್‌ಗೆ ಕಲೆ ಅಂದ್ರೆ ಪ್ರಚಾರ ಆಗ್ಲೇಬೇಕು, ಅದೇ ಕ್ರಿಗ್ವಾದಲ್ಲಿದ್ದ ಯೂಲಲೀ ಸ್ಪೆನ್ಸ್‌ಗೆ ಜನ ನಾಟಕಕ್ಕೆ ಬರೋದು ಖುಷಿಪಡಕ್ಕೆ. ಸ್ಪೆನ್ಸ್ ಬರೆದಿದ್ದು ಹಾರ್ಲೆಮ್ ಜನರ ದಿನನಿತ್ಯದ ಗಲಾಟೆಗಳ ಏಕಾಂಕಗಳು. 1927ರ 'ಫೂಲ್ಸ್ ಎರಂಡ್' ಅಂತೂ ಚರ್ಚ್ ಹೆಂಗಸರ ಗುಸುಗುಸು ಮೇಲೇ ನಿಂತಿರೋ ಕಾಮಿಡಿ, ಆ ವರ್ಷ ಲಿಟಲ್ ಥಿಯೇಟರ್ ಟೂರ್ನಮೆಂಟಲ್ಲಿ ಬಹುಮಾನಾನೂ ತಗೊಂತು. ನಾನು ಸ್ಪೆನ್ಸ್ ಕಡೆ.

ನಗಿಸ್ತಾ ಚುಚ್ಚೋದು ಬೇಕು ಅಂದ್ರೆ ಡಗ್ಲಸ್ ಟರ್ನರ್ ವಾರ್ಡ್ ಅವ್ರ 'ಡೇ ಆಫ್ ಆಬ್ಸೆನ್ಸ್', 1965. ದಕ್ಷಿಣದ ಒಂದೂರಲ್ಲಿ ಬೆಳಗಾಗೋ ಅಷ್ಟರಲ್ಲಿ ಬ್ಲ್ಯಾಕ್ ಜನ ಎಲ್ಲ ಮಾಯ, ಮಗು ಎತ್ಕೊಳೋರಿಲ್ಲ, ನೆಲ ಒರೆಸೋರಿಲ್ಲ, ಬಿಳಿ ಊರು ಕೈಕಾಲು ಬಡ್ಕೊಳತ್ತೆ. ಆ ಬಿಳಿಯರ ಪಾತ್ರಗಳನ್ನ ಬ್ಲ್ಯಾಕ್ ನಟರು ಮುಖಕ್ಕೆ ಬಿಳಿ ಬಳ್ಕೊಂಡು ಆಡ್ತಾರೆ. ಆ ಯಶಸ್ಸಿಂದಾನೇ ಮುಂದೆ 1967ರಲ್ಲಿ ನೀಗ್ರೋ ಎನ್ಸೆಂಬಲ್ ಕಂಪನಿ ಹುಟ್ಟಿದ್ದು. ಪಾತ್ರ ಜಾಸ್ತಿ ಇದಾವೆ, ನಿಮ್ಮ ಗುಂಪಿಗೆ ಕಷ್ಟ ಆಗ್ಬೋದು, ಕೂತು ಓದೋ ರೀಡಿಂಗ್ ಥರ ಮಾಡಿದ್ರೂ ನಡಿಯತ್ತೆ ಅನ್ಸತ್ತೆ.

ಮತ್ತೆ ಅದ್ಯಾಕೆ ಫೆಬ್ರವರೀಲೇ? ಫೆಬ್ರವರಿ ಬಂದ್ರೆ ಇರೋ ಬರೋ ಬ್ಲ್ಯಾಕ್ ನಟರನ್ನೆಲ್ಲ ಎಲ್ಲಾ ಕಡೆಯಿಂದ ಕರೀತಾರೆ, ಮಾರ್ಚ್ ಆದ್ರೆ ಒಂದು ಫೋನೂ ಇಲ್ಲ. ಅಕ್ಟೋಬರಲ್ಲಿ ಮಾಡಿ ನೋಡಿ, ನಟರೂ ಸಿಗ್ತಾರೆ, ಕಾಟಾಚಾರ ಅನ್ನೋ ಮಾತೂ ಬರಲ್ಲ.

ಹಕ್ಕುಪತ್ರ

ರೈಟ್ಸ್ ಬಗ್ಗೆ ಯಾರೂ ಹೇಳ್ಲಿಲ್ಲ ಹಂಗಾಗಿ ನಾನು. ಹ್ಯಾನ್ಸ್‌ಬೆರಿ, ವಿಲ್ಸನ್ ನಾಟಕದಿಂದ ಸೀನ್ ಕತ್ತರಿಸಿ ಟಿಕೆಟ್ ಇಟ್ಟು ಆಡೋದು ಅನುಮತಿ ಇಲ್ದೆ ಆಗಲ್ಲ, ಟಿಕೆಟ್ ಇಲ್ದಿದ್ರೂ ಆಗಲ್ಲ, ಕೇಳಿದ್ರೆ ಸೀನ್‌ಗೆ ಅನುಮತಿ ಸಿಗತ್ತೆ ಅನ್ನೋ ಗ್ಯಾರಂಟೀನೂ ಇಲ್ಲ. ಕನ್ಕಾರ್ಡ್ ಥಿಯಾಟ್ರಿಕಲ್ಸ್ (ಹಳೇ ಸ್ಯಾಮ್ಯುಯೆಲ್ ಫ್ರೆಂಚ್ ಈಗ ಇವ್ರದ್ದೇ), ಡ್ರಾಮಟಿಸ್ಟ್ಸ್ ಪ್ಲೇ ಸರ್ವಿಸ್, ಪ್ಲೇಸ್ಕ್ರಿಪ್ಟ್ಸ್, ಇವೆಲ್ಲ ನಾಟಕ ಆಡಕ್ಕೆ ಲೈಸೆನ್ಸ್ ಕೊಡೋ ಕಂಪನಿಗಳು, ಇವ್ರ ಸೈಟಲ್ಲಿ ನಾಟಕ ಹುಡುಕಿ ಅರ್ಜಿ ಹಾಕ್ಬೇಕು. ಪ್ರತೀ ಪ್ರದರ್ಶನಕ್ಕೆ ಇಷ್ಟು ಅಂತ ರಾಯಲ್ಟಿ, ಕಿರುನಾಟಕಕ್ಕೆ ದೊಡ್ಡ ನಾಟಕಕ್ಕಿಂತ ಕಮ್ಮಿ, ಆದ್ರೆ ಆರು ನಾಟಕ ಅಂದ್ರೆ ಆರು ರಾಯಲ್ಟಿ, ಅದನ್ನ ಬಜೆಟಲ್ಲಿ ಮರೀಬೇಡಿ. ಮಾತು ಬದಲಾಯಿಸೋದು, ಬೈಗುಳ ತೆಗಿಯೋದು ಅನುಮತಿ ಇಲ್ದೆ ಮಾಡಂಗಿಲ್ಲ. ವಿಡಿಯೋ ಮಾಡಿ ಯೂಟ್ಯೂಬಿಗೆ ಹಾಕೋದು ಬೇರೇನೇ ಹಕ್ಕು.

ದುಡ್ಡಿಲ್ಲ ಅಂದ್ರಲ್ಲ, ಅಮೆರಿಕದಲ್ಲಿ ಪ್ರಕಟ ಆಗಿ 95 ವರ್ಷ ಕಳೆದಿದ್ದು ಪಬ್ಲಿಕ್ ಡೊಮೇನ್ (ಯಾರ ಹಕ್ಕೂ ಇಲ್ದಿರೋದು), ಅಂದ್ರೆ 1920ರ ದಶಕದಲ್ಲಿ ಪ್ರಿಂಟ್ ಆಗಿದ್ದೆಲ್ಲ ಈಗ ಫ್ರೀ. ಅದ್ರಲ್ಲಿ ಒಳ್ಳೊಳ್ಳೇ ಏಕಾಂಕಗಳಿದಾವೆ. ಜಾರ್ಜಿಯಾ ಡಗ್ಲಸ್ ಜಾನ್ಸನ್ 'ಪ್ಲೂಮ್ಸ್' (1927), ಮಗಳು ಸಾಯೋ ಸ್ಥಿತೀಲಿದಾಳೆ, ಬಡ ತಾಯಿ ಹತ್ರ ಇರೋದು 50 ಡಾಲರು, ಗುಣ ಆಗೋ ಭರವಸೆ ಇಲ್ದಿರೋ ಆಪರೇಷನ್‌ಗೆ ಕೊಡೋದಾ ಇಲ್ಲಾ ಗರಿ ಕಟ್ಟಿದ ಕುದುರೆಗಳ ಜೊತೆ ಮರ್ಯಾದೆಯಾಗಿ ಮಣ್ಣು ಮಾಡೋದಾ. ಆಲಿಸ್ ಡನ್ಬಾರ್ ನೆಲ್ಸನ್ 'ಮೈನ್ ಐಸ್ ಹ್ಯಾವ್ ಸೀನ್' (1918), ಅಪ್ಪನನ್ನ ದಕ್ಷಿಣದಲ್ಲಿ ಕೊಂದಿದಾರೆ, ಈಗ ಮಗನಿಗೆ ಮೊದಲನೇ ಮಹಾಯುದ್ಧಕ್ಕೆ ಕರೆ ಬಂದಿದೆ, ಈ ದೇಶಕ್ಕೋಸ್ಕರ ನಾನ್ಯಾಕೆ ಹೋಗ್ಬೇಕು ಅಂತಾನೆ.

ಹುಷಾರಾಗಿರ್ಬೇಕಾದ ಜಾಗ ಒಂದಿದೆ, ಹಳೇದೆಲ್ಲ ಫ್ರೀ ಅಲ್ಲ. ಅದೇ ಜಾನ್ಸನ್ ಅವ್ರ 'ಎ ಸಂಡೆ ಮಾರ್ನಿಂಗ್ ಇನ್ ದಿ ಸೌತ್' ಬರೆದಿದ್ದು 1925ರ ಸುಮಾರಿಗೆ, ಆದ್ರೆ ಪ್ರಿಂಟ್ ಆಗಿದ್ದು ಅವ್ರು ತೀರ್ಕೊಂಡ್ಮೇಲೆ, ದಶಕಗಳ ನಂತರ. ಲೆಕ್ಕ ಪ್ರಕಟ ಆದ ವರ್ಷದಿಂದ, ಬರೆದ ವರ್ಷದಿಂದ ಅಲ್ಲ.

ಪರದೆ_ಹಿಂದೆ

ಎಲ್ರಿಗೂ ತುಂಬಾ ಥ್ಯಾಂಕ್ಸ್, ಇಷ್ಟೊಂದು ಸಿಗತ್ತೆ ಅಂದ್ಕೊಂಡಿರ್ಲಿಲ್ಲ. ಅಕ್ಟೋಬರ್ ಐಡಿಯಾ ಬೋರ್ಡಲ್ಲಿ ಇಡ್ತೀನಿ. ಇನ್ನೂ ಎರಡು ಪ್ರಶ್ನೆ, ಬೇಜಾರಾಗ್ಬೇಡಿ. ಈಚಿನ ಕಾಲದ ಹತ್ತು ನಿಮಿಷದ ನಾಟಕಗಳು ಎಲ್ಲಿ ಸಿಗತ್ತೆ? ಮತ್ತೆ ಸ್ಕ್ರಿಪ್ಟಲ್ಲಿ ಬ್ಲ್ಯಾಕ್ ಜನರನ್ನ ಹೀಯಾಳಿಸೋ ಆ ಎನ್ ಅಕ್ಷರದ ಬೈಗುಳ ಇದ್ರೆ ರಿಹರ್ಸಲ್‌ನಲ್ಲಿ ಏನ್ ಮಾಡ್ತೀರ? ನಾಟಕ ಆದ್ಮೇಲೆ ಟಾಕ್‌ಬ್ಯಾಕ್ (ಪ್ರೇಕ್ಷಕರ ಜೊತೆ ಮಾತುಕತೆ) ಇಡ್ಲೇಬೇಕು ಅಂತ ಬೋರ್ಡ್ ಹಠ ಹಿಡಿದಿದೆ, ಅದೂ ಒಂದು ಭಯ.

ನೇಪಥ್ಯದವಳು

ಈಚಿನದ್ದು ಬೇಕು ಅಂದ್ರೆ ನ್ಯೂ ಬ್ಲ್ಯಾಕ್ ಫೆಸ್ಟ್ ಅನ್ನೋ ನಾಟಕ ಸಂಸ್ಥೆಯೋರು ಬರೆಸಿದ ಎರಡು ಗುಚ್ಛ ಇದಾವೆ. 'ಫೇಸಿಂಗ್ ಅವರ್ ಟ್ರೂತ್', ಫ್ಲಾರಿಡಾದಲ್ಲಿ ಟ್ರೇವಾನ್ ಮಾರ್ಟಿನ್ ಅನ್ನೋ ಬ್ಲ್ಯಾಕ್ ಹುಡುಗನ್ನ ಕೊಂದೋನು 2013ರಲ್ಲಿ ಬಿಡುಗಡೆ ಆದ್ಮೇಲೆ ಬರೆಸಿದ ಹತ್ತು ನಿಮಿಷದ ನಾಟಕಗಳು. ಇನ್ನೊಂದು 'ಹ್ಯಾಂಡ್ಸ್ ಅಪ್', ಫರ್ಗುಸನ್ ಊರಲ್ಲಿ ಪೊಲೀಸ್ ಒಬ್ಬ ಬ್ಲ್ಯಾಕ್ ಯುವಕನ್ನ ಗುಂಡಿಟ್ಟು ಕೊಂದ ಘಟನೆ ಆದ್ಮೇಲಿಂದು, ಏಳು ನಾಟಕಕಾರರು ಏಳು ಮಾತು, ಹೆಚ್ಚು ಕಮ್ಮಿ ಸೋಲೋಗಳೇ ಅದ್ರಿಂದ ಸೆಟ್ಟೇ ಬೇಡ. ಸಾಲುದೀಪ ಅವ್ರ ತಕರಾರು ಇಲ್ಲಿ ಅನ್ವಯ ಆಗತ್ತೆ, ಎರಡೂ ಭಾರ, ಹಂಗಾಗಿ ಒಂದೆರಡು ತಗೊಂಡು ಪಕ್ಕಕ್ಕೆ ಸ್ಪೆನ್ಸ್ ಕಾಮಿಡಿ ಇಡಿ. ಅಥವಾ ನಿಮ್ಮ ಸುತ್ತಮುತ್ತಲಿನ ಬ್ಲ್ಯಾಕ್ ಬರಹಗಾರರಿಗೆ ದುಡ್ಡು ಕೊಟ್ಟು ಹೊಸದು ಬರೆಸಿ, ಕ್ಲೀವ್‌ಲ್ಯಾಂಡಲ್ಲಿ ಕರಾಮು ಹೌಸ್ ಇದೆ, 1915ರಿಂದ ಇರೋ ಸಂಸ್ಥೆ, ಲ್ಯಾಂಗ್ಸ್‌ಟನ್ ಹ್ಯೂಸ್ ನಾಟಕಗಳು ಆಡಿದ ಜಾಗ, ಒಂದ್ಸಲ ಹೋಗಿ ಅಲ್ಲಿನ ನಾಟಕ ನೋಡ್ಕೊಂಬನ್ನಿ. ಓಹಾಯೋದ ವಿಲ್ಬರ್‌ಫೋರ್ಸ್ ಊರಲ್ಲಿ ಎರಡು ಬ್ಲ್ಯಾಕ್ ಯೂನಿವರ್ಸಿಟಿ ಇದಾವೆ, ಸೆಂಟ್ರಲ್ ಸ್ಟೇಟ್ ಮತ್ತೆ ವಿಲ್ಬರ್‌ಫೋರ್ಸ್. ಚರ್ಚ್ ಕಾಯರ್‌ಗಳಲ್ಲಿ, ಸ್ಪೋಕನ್ ವರ್ಡ್ ಕವಿಗೋಷ್ಠಿಗಳಲ್ಲಿ ಸ್ಟೇಜ್ ಭಯ ಇಲ್ದಿರೋ ಜನ ಸಿಗ್ತಾರೆ, ಆಡಿಷನ್ ನೋಟಿಸ್ ಬರೀ ನಿಮ್ಮ ಫೇಸ್‌ಬುಕ್ ಪೇಜಲ್ಲಿ ಹಾಕಿ ಯಾರೂ ಬರ್ಲಿಲ್ಲ ಅನ್ಬೇಡಿ. ಬಂದೋರು ಒಂದು ಕೇಳೇ ಕೇಳ್ತಾರೆ, ಮುಂದಿನ ಮ್ಯೂಸಿಕಲ್‌ನಲ್ಲೂ ನನಗೆ ಪಾರ್ಟ್ ಕೊಡ್ತೀರಾ ಅಂತ. ಅದಕ್ಕೆ ಬೋರ್ಡಿಂದ ಉತ್ತರ ರೆಡಿ ಇರ್ಲಿ.

ಆ ಬೈಗುಳದ ವಿಚಾರ ಮೊದಲನೇ ರೀಡಿಂಗ್ ದಿನಾನೇ ಡೈರೆಕ್ಟರ್ ಎದುರಿಗೆ ಕೂತು ತೀರ್ಮಾನ ಆಗ್ಲಿ. ಕೆಲವ್ರು ರಿಹರ್ಸಲ್‌ನಲ್ಲಿ ಬೇರೆ ಪದ ಇಟ್ಕೊಂಡು ಕೊನೇ ವಾರದಲ್ಲಿ ಮೂಲಕ್ಕೆ ಬರ್ತಾರೆ, ಕೆಲವ್ರಿಗೆ ಮೊದಲಿಂದ ಹೇಳಿ ಅಭ್ಯಾಸ ಆದ್ರೇನೇ ವಾಸಿ. ಬಿಳಿಯರ ಪಾತ್ರ ಮಾಡೋರು ಸ್ಕ್ರಿಪ್ಟ್ ಬಿಟ್ಟು ಗ್ರೀನ್ ರೂಮಲ್ಲಿ, ತಮಾಷೆಗೆ, ಕ್ಯೂ ಹೇಳ್ಕೊಡೋವಾಗ, ಎಲ್ಲೂ ಅದನ್ನ ಬಾಯಿಗೆ ತರಂಗಿಲ್ಲ.

ಟಾಕ್‌ಬ್ಯಾಕ್ ಇಟ್ರೆ ನಟರು ಇರ್ಬೇಕು ಅನ್ನೋ ಬಲವಂತ ಬೇಡ. ಎರಡು ಗಂಟೆ ಎದೆ ಬಗೆದು ಆಡಿದೋರ ಹತ್ರ ಪ್ರೇಕ್ಷಕರು 'ನಿಮಗೂ ನಿಜವಾಗ್ಲೂ ಹಿಂಗಾಗಿದ್ಯಾ' ಅಂತ ಕೇಳ್ತಾರೆ ನೋಡಿ, ಅದು ಚರ್ಚೆ ಅಲ್ಲ. ನಡೆಸಕ್ಕೆ ವಿಷಯ ಗೊತ್ತಿರೋ ಬ್ಲ್ಯಾಕ್ ಮಾಡರೇಟರ್ ಇರ್ಲಿ, ಅವ್ರಿಗೂ ದುಡ್ಡು ಕೊಡಿ, ಪ್ರಶ್ನೆ ಚೀಟೀಲಿ ಬರೆಸ್ಕೊಂಡು ಆರಿಸಿ ಓದಿಸಿ.

ಗ್ರೀನ್‌ರೂಂ_ಗಿರಾಕಿ

ಲೈಟಿಂಗ್ ನಿಮ್ದೇ ಅಂದ್ರಲ್ಲ ಹಂಗಾಗಿ ಇಷ್ಟು. ಬಿಳಿ ನಟರಿಗೆ ಸೆಟ್ ಮಾಡಿರೋ ಹಳೇ ಪ್ಲಾಟನ್ನೇ (ಯಾವ ಲೈಟು ಎಲ್ಲಿ ಅನ್ನೋ ನಕ್ಷೆ) ಓಡಿಸ್ಬೇಡಿ. ಕಡುಬಣ್ಣದ ಚರ್ಮ ಬೆಳಕನ್ನ ಕಮ್ಮಿ ವಾಪಸ್ ಕೊಡತ್ತೆ, ಎದುರಿಂದ ಬರೀ ಬಿಳಿ ವಾಶ್ (ಸ್ಟೇಜ್ ತುಂಬಾ ಹರಡೋ ಬೆಳಕು) ಜಾಸ್ತಿ ಮಾಡ್ತಾ ಹೋದ್ರೆ ಹಿಂದಿನ ಗೋಡೆ ಉರಿಯತ್ತೆ, ಮುಖ ಮಾತ್ರ ಹಂಗೇ ಉಳಿಯತ್ತೆ. ಪಕ್ಕದಿಂದ, ಹಿಂದಿನಿಂದ ಬೆಳಕು ಕೊಟ್ಟು ಮುಖದ ಅಂಚು ಬಿಡಿಸಿ, ಆಂಬರ್ ಲ್ಯಾವೆಂಡರ್ ಟ್ರೈ ಮಾಡಿ, ಹಸಿರು ಕಡೆ ಹೋಗ್ಬೇಡಿ. ಒಬ್ಬೊಬ್ರ ಬಣ್ಣ ಒಂದೊಂದು ಥರ, ಅದ್ರಿಂದ ಖಾಲಿ ಸ್ಟೇಜಲ್ಲಿ ಫೋಕಸ್ ಮಾಡಿ ಮುಗೀತು ಅನ್ದೆ ನಟರನ್ನೇ ನಿಲ್ಲಿಸಿ ನೋಡಿ. ಹಿಂದೆ ಕಪ್ಪು ಪರದೆ ಇದ್ರೆ ಕಾಸ್ಟ್ಯೂಮ್‌ನೋರ ಜೊತೆ ಮೊದಲೇ ಮಾತಾಡಿ.

ಮೇಕಪ್ ಬಾಕ್ಸಲ್ಲಿ ಅವ್ರ ಶೇಡ್ ಇದ್ಯಾ, ಕೂದಲು ಮಾಡೋರಿಗೆ ಬ್ರೇಡ್ಸು ಲಾಕ್ಸು ಗೊತ್ತಾ, ಇಲ್ಲಾಂದ್ರೆ ಗೊತ್ತಿರೋರನ್ನ ದುಡ್ಡು ಕೊಟ್ಟು ಕರೆಸಿ. ಎಷ್ಟೋ ಕಡೆ ಬ್ಲ್ಯಾಕ್ ನಟರು ಅವ್ರ ಫೌಂಡೇಶನ್ ಅವ್ರೇ ತಂದು, ಅವ್ರ ತಲೆ ಅವ್ರೇ ಬಾಚ್ಕೊಂಡು ಸ್ಟೇಜ್ ಹತ್ತೋದು ನೋಡಿದೀನಿ, ಪಕ್ಕದ ಕುರ್ಚೀಲಿ ಬೇರೆಯೋರಿಗೆಲ್ಲ ಸೇವೆ ನಡೀತಿರತ್ತೆ. ಪ್ಲಾಟ್ ರೆಡಿ ಆದ್ಮೇಲೆ ಇಲ್ಲಿ ಹಾಕಿ, ನೋಡಿ ಹೇಳ್ತೀನಿ, ನಿಮ್ಮ ಹತ್ರ ಎಲ್ಇಡಿ ಇದ್ಯಾ ಹಳೇ ಪಾರ್ ಕ್ಯಾನ್ ಲೈಟಾ ಅನ್ನೋದನ್ನೂ ಬರೀರಿ.