‘ಮೌಲ್ಯಮಾಪನ’ ಬೇಡ, ‘ತಾಳೆ ನೋಡುವುದು’ ಆಗುತ್ತದಾ?

ಎಲ್ಲರಿಗೂ ನಮಸ್ಕಾರ,

ಹಾಸನದ ಒಂದು ಆಸ್ಪತ್ರೆಯ ರೋಗಿಗಳಿಗೆ ಕೊಡುವ ಮಾಹಿತಿ ಹಾಳೆಯನ್ನು ಕನ್ನಡದಲ್ಲಿ ಬರೆಯುತ್ತಿದ್ದೇನೆ. ಸಿಒಪಿಡಿ, ಅಂದರೆ ಬೀಡಿಯಿಂದಲೋ ಸೌದೆ ಒಲೆಯ ಹೊಗೆಯಿಂದಲೋ ಶ್ವಾಸಕೋಶ ಕೆಟ್ಟು ವರ್ಷಗಟ್ಟಲೆ ಕಾಡುವ ದಮ್ಮು. ಇದು ಇರುವವರು ಅಡ್ಮಿಟ್ ಆದಾಗ ಆಂಟಿಬಯೋಟಿಕ್ ಬೇಕಿತ್ತಾ, ಯಾವುದು ಕೊಟ್ಟರು, ಎಷ್ಟು ದಿನ ಕೊಟ್ಟರು ಅಂತ ಆಸ್ಪತ್ರೆಯವರು ಕೇಸ್ ಶೀಟ್ ತೆಗೆದು ನೋಡುತ್ತಾರೆ. ಹಾಳೆ ಇರುವುದು ಅದರ ಬಗ್ಗೆಯೇ. ಈ ಕೆಲಸಕ್ಕೆ ‘ಮೌಲ್ಯಮಾಪನ’ ಅಂತ ಬರೆದಿದ್ದೆ. ಆಲೂರು ಕಡೆಯ ತಾತ ಒಬ್ಬರ ಮಗಳು ಅದನ್ನು ಓದಿ, "ಪರೀಕ್ಷೆ ನಮ್ಮಪ್ಪನಿಗಾ ಸರ್, ಡಾಕ್ಟರಿಗಾ?" ಅಂದರು. ಎಸ್ಸೆಸ್ಸೆಲ್ಸಿ ಉತ್ತರಪತ್ರಿಕೆ ತಿದ್ದುವುದಕ್ಕೇ ಆ ಪದ ಅಂಟಿಕೊಂಡಿದೆ, ಅಲ್ವಾ.

ನನಗೆ ಹೊಳೆದದ್ದು ‘ತಾಳೆ ನೋಡುವುದು’. ಕೆಲಸವೂ ಅದೇ. ದಮ್ಮು ಜಾಸ್ತಿಯಾಗಿ, ಕಫ ಜಾಸ್ತಿಯಾಗಿ, ಕಫದ ಬಣ್ಣವೂ ಬದಲಾಗಿದ್ದರೆ ಆಂಟಿಬಯೋಟಿಕ್ ಕೊಡಬೇಕು. ಎರಡೇ ಇದ್ದರೆ ಅದರಲ್ಲಿ ಒಂದು ಬಣ್ಣದ್ದೇ ಆಗಿರಬೇಕು. ವೆಂಟಿಲೇಟರ್ ಬೇಕಾದವರ ಮಾತು ಬೇರೆ. 1987ರಲ್ಲಿ ಆಂಥೊನಿಸನ್ ಅನ್ನುವ ಶ್ವಾಸಕೋಶದ ವೈದ್ಯರು ಮತ್ತು ಜೊತೆಯವರು ಗುರುತಿಸಿದ ಈ ಮೂರು ಲಕ್ಷಣಗಳನ್ನೇ ಈಗಲೂ ನೋಡುತ್ತಾರೆ. ಬಹಳ ಸಲ ದಮ್ಮು ಕೆರಳುವುದು ವೈರಸ್ಸಿನಿಂದ, ಅದಕ್ಕೆ ಆಂಟಿಬಯೋಟಿಕ್ ನಾಟುವುದೇ ಇಲ್ಲ. ಹಾಗಾಗಿ ಕೇಸ್ ಶೀಟಿನಲ್ಲಿ ಬರೆದದ್ದಕ್ಕೂ ಈ ನಿಯಮಕ್ಕೂ ತಾಳೆ ಆಗುತ್ತದಾ ಅಂತ ನೋಡುವುದು, ಅಷ್ಟೇ.

ಇನ್ನೊಂದು ತೊಡಕು ಆ ಬಣ್ಣದ್ದು. ಮೊದಲ ಕರಡಿನಲ್ಲಿ ‘ಕೀವುಯುಕ್ತ ಕಫ’ ಅಂತಿತ್ತು. ಕೀವು ಅಂದ ಕೂಡಲೇ ತಾತ ಗಾಬರಿಯಾಗಿ, "ಹುಣ್ಣೆಲ್ಲಿದೆ?" ಅಂತ ಎದೆ ಮುಟ್ಟಿಕೊಂಡರು. ಬಣ್ಣ ಹೇಗಿದೆ ಅಂತ ಕೇಳಿದ್ದಕ್ಕೆ, "ಗಂಜಿ ತಿಳಿ ಥರ ಬರ್ತಿತ್ತು, ಮೊನ್ನೆಯಿಂದ ಹೆಸರುಕಾಳಿನ ಬಣ್ಣ" ಅಂದರು. ಡಾಕ್ಟರಿಗೆ ಬೇಕಾಗಿದ್ದದ್ದೂ ಅದೇ! ಈಗ ‘ಕಫ ಹಳದಿ ಅಥವಾ ಹಸಿರಾಗಿ, ಗಟ್ಟಿಯಾಗಿ ಬಂದರೆ’ ಅಂತ ತಿದ್ದಿದ್ದೇನೆ.

ಆಂಟಿಬಯೋಟಿಕ್‌ಗೆ ‘ಪ್ರತಿಜೀವಕ’ ಅನ್ನುವುದನ್ನು ಕೈಬಿಟ್ಟೆ, ವಾರ್ಡಿನಲ್ಲಿ ಯಾರ ಬಾಯಲ್ಲೂ ಕೇಳಿಲ್ಲ. ಕೆಲವರು ‘ಪವರ್ ಮಾತ್ರೆ’ ಅನ್ನುತ್ತಾರೆ. ಅದನ್ನು ಹಾಕಲು ನನಗೆ ಮನಸ್ಸಿಲ್ಲ. ಪವರ್ ಅಂದರೆ ಜಾಸ್ತಿ ತಗೊಂಡಷ್ಟೂ ಒಳ್ಳೇದು ಅನ್ನುವ ಅರ್ಥ ಬಂದುಬಿಡುತ್ತದೆ.

ಸಕಲೇಶಪುರ, ಮೂಡಿಗೆರೆ ಕಡೆಯವರು ‘ತಾಳೆ ನೋಡುವುದು’ ಅನ್ನುವುದನ್ನು ದಯವಿಟ್ಟು ಮನೆಯ ಹಿರಿಯರಿಗೆ ಓದಿ ಹೇಳಿ, ಅವರಿಗೆ ಏನು ಅರ್ಥವಾಯಿತು ಅಂತ ಬರೆಯಿರಿ. ಬರೀ ಲೆಕ್ಕದ ಪುಸ್ತಕ ನೆನಪಾದರೆ ಬೇರೆ ಪದ ಹುಡುಕಬೇಕು. ಮುಂದಿನ ಮಂಗಳವಾರ ಹಾಳೆ ಅಚ್ಚಿಗೆ ಹೋಗುತ್ತದೆ.